ರಾಣಿಯ ಹೊಸ ಮೂಗು

ಮೌನೇಶನಿಗೆ ಸಂಬಳ ಬರುವುದೇ ಬೈಸಿಕೊಳ್ಳುವುದಕ್ಕೆ. ಬಿಟಿಎಂ ಲೇಔಟಿನ ಒಂದು ಆಫೀಸಿನಲ್ಲಿ ಕೂತು, ನೀರಿನ ಫಿಲ್ಟರ್ ಕೆಟ್ಟವರ ದೂರು ಕೇಳುತ್ತಾನೆ. ಬೆಳಿಗ್ಗೆ ಆರರಿಂದ ಮಧ್ಯಾಹ್ನ ಎರಡರವರೆಗೆ ಯಾರು ಎಷ್ಟು ಬೈದರೂ ಅವನದು ಒಂದೇ ಉತ್ತರ: “ನಿಮಗಾದ ಅನನುಕೂಲಕ್ಕೆ ವಿಷಾದಿಸುತ್ತೇವೆ ಮೇಡಂ.” ಆಮೇಲೆ ತಿಲಕ್ ನಗರದ ನನ್ನ ಪ್ಲೈವುಡ್ ಅಂಗಡಿಗೆ ಬಂದು, ಖಾಲಿ ಪೇಂಟ್ ಡಬ್ಬ ಬೋರಲು ಹಾಕಿಕೊಂಡು ಕೂರುತ್ತಾನೆ. ಗರಗಸದ ಕೆಳಗೆ ಬಿದ್ದ ಒಂದು ತುಂಡು ಮರ ಆರಿಸಿಕೊಂಡು ಪುಟ್ಟ ಚಾಕುವಿನಿಂದ ಕೆತ್ತಲು ಶುರು ಮಾಡುತ್ತಾನೆ. ಅರ್ಧ ಗಂಟೆಗೆ ಕಿವಿಯ ಹತ್ತಿರ ಎದ್ದಿದ್ದ ಅವನ ಭುಜಗಳು ಕೆಳಗಿಳಿಯುತ್ತವೆ. ಒಂದು ಗಂಟೆಗೆ ನನ್ನ ಗಲ್ಲಾದ ಮೇಲೆ ಒಂದು ಕೋಳಿಯೋ, ಬೀಡಿ ಸೇದುವ ಮುದುಕನೋ ಬಂದು ನಿಲ್ಲುತ್ತದೆ.

“ಮಾರೋಣ ಕಣೋ, ಜಯನಗರ ನಾಲ್ಕನೇ ಬ್ಲಾಕಲ್ಲಿ ಕಣ್ಣಿಗೊತ್ಕೊಂಡು ತಗೋತಾರೆ” ಅಂತ ನಾನು ಎಷ್ಟೋ ಸಲ ಹೇಳಿದ್ದೇನೆ.

“ಬ್ಯಾಡ್ರೀ ಅಣ್ಣಾರ. ಮಾರಿದ್ರ ಅದಕೂ ದೂರು ಬರ್ತಾವ.”

ಸುರಪುರದ ಕಡೆಯವನು. ತಂದೆ ಬಡಗಿ, ದೇವರ ಮನೆಯ ಗೊಂಬೆ, ಮೂರ್ತಿಗಳನ್ನೂ ಮಾಡುತ್ತಿದ್ದರಂತೆ. ಮಗನ ಕೈಗೆ ಬಂದದ್ದು ಆ ಚಾಕು, ಮತ್ತು ಸುಮ್ಮನಿರದ ಬೆರಳುಗಳು.

ನನ್ನ ನಾಲಿಗೆಯೂ ಸುಮ್ಮನಿರುವಂಥದ್ದಲ್ಲ. ಜಯನಗರ ಟಿ ಬ್ಲಾಕಿನ ಗೌರಮ್ಮ ನನ್ನ ಹಳೆಯ ಗಿರಾಕಿ. ಎಂಬತ್ತು ಹತ್ತಿರವಾದರೂ ಪ್ಲೈವುಡ್ ಹಾಳೆಯನ್ನು ಬೆರಳಲ್ಲಿ ತಟ್ಟಿ ಒಳಗಿನ ಟೊಳ್ಳು ಹೇಳಬಲ್ಲವರು. ಈ ಸಲ ದಸರಾ ಬೊಂಬೆ ಕೂರಿಸುವುದಕ್ಕೆ ಒಂದು ವಾರ ಇರುವಾಗ ಅವರ ಪಟ್ಟದ ರಾಣಿಯ ಕೈ ಮುರಿಯಿತು. ಪಟ್ಟದ ಬೊಂಬೆ ಅಂದರೆ ಮದುವೆಯಲ್ಲಿ ತಾಯಿ ಮನೆಯಿಂದ ಬರುವ ರಾಜ ರಾಣಿಯ ಜೋಡಿ. ಅದು ಮೇಲಿನ ಮೆಟ್ಟಿಲಲ್ಲಿ ಕೂತ ಮೇಲೆಯೇ ಮಿಕ್ಕ ಬೊಂಬೆಗಳಿಗೆ ಜಾಗ. ಇವರದು ರಕ್ತಚಂದನದ ಜೋಡಿ, ತಾಯಿಯಿಂದ ಮಗಳಿಗೆ ದಾಟುತ್ತಾ ನಾಲ್ಕು ತಲೆಮಾರು ಕಂಡದ್ದು.

“ನಮ್ಮ ಹುಡುಗ ಇದಾನೆ, ಕೊಡಿ ಆಂಟಿ” ಅಂದೆ.

ಹಳೆ ರೇಷ್ಮೆ ಚೂರಿನಲ್ಲಿ ಸುತ್ತಿದ ರಾಣಿಯನ್ನು ಅವರು ನನ್ನ ಕೈಗಿಟ್ಟರು. “ಕೈ ಮಾತ್ರ, ಶಶಿಕಾಂತ. ಮಿಕ್ಕಿದ್ದು ಮುಟ್ಟೋ ಹಾಗಿಲ್ಲ.”

ಈ ಮಾತನ್ನು ನಾನು ಮೌನೇಶನಿಗೆ ದಾಟಿಸಿದೆನೋ ಇಲ್ಲವೋ ಎಂಬುದು ನಮ್ಮಿಬ್ಬರ ನಡುವೆ ಇಂದಿಗೂ ತೀರ್ಮಾನವಾಗಿಲ್ಲ.

ಅಮಾವಾಸ್ಯೆಯ ದಿನ. ಮರುದಿನ ಬೆಳಿಗ್ಗೆ ಬೊಂಬೆ ಕೂರಿಸಬೇಕು. ಸಂಜೆ ಐದಕ್ಕೆ ರಾಣಿಯನ್ನು ತಲುಪಿಸುತ್ತೇನೆಂದು ಮಾತು ಕೊಟ್ಟಿದ್ದೆ. ನಾಲ್ಕು ಗಂಟೆಗೆ ಮೌನೇಶ ರೇಷ್ಮೆ ಬಿಚ್ಚಿ ತೋರಿಸಿದ. ಕೈ ಕೂಡಿಸಿದ ಗೆರೆ ಹುಡುಕಿದರೂ ಸಿಗಲಿಲ್ಲ. ಶಭಾಷ್ ಅನ್ನಲು ಬಾಯಿ ತೆರೆದವನು ಮೇಲೆ ನೋಡಿ ಹಾಗೇ ಮುಚ್ಚಿದೆ.

ರಾಣಿಗೆ ಮುಖ ಬಂದಿತ್ತು. ಚೂಪು ಮೂಗು, ಎತ್ತಿದ ಹುಬ್ಬು, ಯಾರನ್ನೋ ಅಣಕಿಸುವಂಥ ತುಟಿ. ಮೈಯೆಲ್ಲ ಕಪ್ಪಿಟ್ಟ ಮರ. ಮುಖ ಮಾತ್ರ ಈಗಷ್ಟೇ ಸುಲಿದ ಹಾಗೆ ಕೆಂಪು.

“ಏನೋ ಇದು?”

“ಬಾಳ ಸವದಿತ್ರೀ. ಮೂಗಿಲ್ಲ, ತುಟಿ ಇಲ್ಲ. ನಮ್ಮಪ್ಪ ಹಿಂಗ ಸವದ ಗೊಂಬಿ ಬಂದ್ರ ಮೊದಲ ಮುಖ ತಿದ್ದತಿದ್ದ. ಚಂದ ಆಗಿಲ್ಲೇನ್ರೀ?”

ಚೆಂದವಾಗಿತ್ತು. ಅದೇ ಕಷ್ಟ. “ಮೌನೇಶ, ಅದು ಹಾಗೇ ಸವೆದಿದ್ದಲ್ಲ ಕಣೋ. ಸೀರೆ ಉಡಿಸೋ ಮುಂಚೆ ಪ್ರತಿ ವರ್ಷ ಹೆಬ್ಬೆರಳಲ್ಲಿ ಅರಿಶಿನ ಎಣ್ಣೆ ತಿಕ್ತಾರೆ. ಆಂಟಿ, ಅವರಮ್ಮ, ಅಜ್ಜಿ, ಅಜ್ಜಿಯ ಅಮ್ಮ. ಅವರೆಲ್ಲರ ಬೆರಳು ಅದು. ಅದನ್ನ ನೀನು ಕೆತ್ತಿ ಕೆಳಗೆ ಹಾಕಿದೀಯ.”

ಅವನು ನೆಲ ನೋಡಿದ. ಕೆತ್ತಿದ್ದು ಹಿಂದಿನ ದಿನ, ನಾನಿಲ್ಲದ ಹೊತ್ತಿನಲ್ಲಿ; ನೆಲವನ್ನು ಬೆಳಿಗ್ಗೆಯೇ ಗುಡಿಸಿಯಾಗಿತ್ತು. ಇಳಿದಿದ್ದ ಭುಜಗಳು ಮತ್ತೆ ಕಿವಿಯ ಹತ್ತಿರ ಹೋದವು.

“ನಮ್ಮ ಕಡಿ ಗೊಂಬಿ ಕುಂದ್ರಸೂದಿಲ್ರೀ. ದಸರಾಕ್ಕ ಬನ್ನಿ ಎಲಿ ಕೊಡೂದು ಅಷ್ಟ. ನನಗ ಹೆಂಗ ಗೊತ್ತಾಗಬೇಕು?”

ಅಷ್ಟರಲ್ಲಿ ಗೌರಮ್ಮನ ಫೋನು. “ರಾಜನ್ನ ಆಗ್ಲೇ ನಿಲ್ಲಿಸಿದೀನಿ. ಒಬ್ನೇ ಕಾಯ್ತಿದಾನೆ. ಬೇಗ ಬಾ.”

ವ್ಯಾಪಾರದಲ್ಲಿ ಮೂವತ್ತು ವರ್ಷ ಕಳೆದವನು ಇಂಥ ಹೊತ್ತಿನಲ್ಲಿ ಮಾಡುವುದನ್ನೇ ನಾನೂ ಮಾಡಿದೆ. ಕಪಾಟಿನಿಂದ ವಾಲ್‌ನಟ್ ಪಾಲಿಶ್ ತೆಗೆದು, ಬಟ್ಟೆಯಲ್ಲಿ ಅದ್ದಿ ರಾಣಿಯ ಮುಖಕ್ಕೆ ಒತ್ತಿದೆ. ಕೆಂಪು ಅಡಗಿತು. ಮೂಗು ಅಡಗಲಿಲ್ಲ.

“ಆಂಟಿಗೆ ಕಣ್ಣು ಮಂಜು. ನೀನು ಬಾಯಿ ಬಿಡಬೇಡ. ಮಾತು ನಾನಾಡ್ತೀನಿ” ಅಂದೆ.

“ಸುಳ್ಳಾಕ್ಕೈತ್ರೀ ಅಣ್ಣಾರ.”

“ಪಾಲಿಶ್ ಕಣಯ್ಯ, ಸುಳ್ಳಲ್ಲ.”

ಟಿ ಬ್ಲಾಕಿಗೆ ಹತ್ತು ನಿಮಿಷದ ನಡಿಗೆ. ಅವನು ರೇಷ್ಮೆಯ ಗಂಟನ್ನು ಎದೆಗವಚಿಕೊಂಡು, ಗಾಜಿನ ಸಾಮಾನು ಹೊತ್ತವನಂತೆ ಹೆಜ್ಜೆ ಹಾಕಿದ. ನಾನು ಅಮಾವಾಸ್ಯೆಯ ಟ್ರಾಫಿಕ್ಕಿನ ಬಗ್ಗೆ ಒಬ್ಬನೇ ಮಾತಾಡಿದೆ.

ಹಜಾರದಲ್ಲಿ ಒಂಬತ್ತು ಮೆಟ್ಟಿಲು ಕಟ್ಟಿ ಬಿಳಿ ಬಟ್ಟೆ ಹಾಸಿತ್ತು. ಎಲ್ಲ ಖಾಲಿ. ತುದಿಯ ಮೆಟ್ಟಿಲಲ್ಲಿ ಜರಿ ಪೇಟದ ರಾಜ ಒಬ್ಬನೇ. ಅವನ ಪಕ್ಕ ಒಂದು ಗೇಣಗಲ ಜಾಗ ಬಿಟ್ಟಿದ್ದರು. ಅವನ ಮುಖವೂ ಸವೆದು ನುಣ್ಣಗೆ, ಹುಣಿಸೆ ಬೀಜದ ಹಾಗಿತ್ತು.

“ಕೈ ನೋಡಿ ಆಂಟಿ, ಗೆರೆ ಕಾಣತ್ತಾ?” ಅಂದೆ. “ಬೇರೆ ಏನೂ ಮುಟ್ಟಿಲ್ಲ.”

ಗೌರಮ್ಮ ಕೈ ನೋಡಲಿಲ್ಲ. ಅರಿಶಿನ ಎಣ್ಣೆಯ ಬಟ್ಟಲಿಗೆ ಹೆಬ್ಬೆರಳು ಅದ್ದಿ, ರೂಢಿಯಂತೆ, ನೋಡದೆಯೇ ರಾಣಿಯ ಮುಖದ ಮೇಲಿಟ್ಟರು. ಬೆರಳು ಹಣೆಯಿಂದ ಇಳಿದು ಮೂಗಿನ ತುದಿಗೆ ಬಂದು ನಿಂತಿತು. ಇನ್ನೊಮ್ಮೆ ಹಣೆಯಿಂದ ಶುರು ಮಾಡಿದರು. ಮತ್ತೆ ಅಲ್ಲೇ ನಿಂತಿತು.

“ಇದ್ಯಾರು?” ಅಂದರು.

ನನ್ನ ಬಾಯಲ್ಲಿ ನಾಲ್ಕು ಉತ್ತರ ತಯಾರಿದ್ದವು. ಒಂದನ್ನು ಆರಿಸುವಷ್ಟರಲ್ಲಿ ಅವರು ಬೊಂಬೆಯನ್ನು ಮೂಗಿನ ಹತ್ತಿರ ಹಿಡಿದು ಮೂಸಿದರು. “ಶಶಿಕಾಂತ, ನಿನ್ನ ಅಂಗಡಿ ವಾಸನೆ ಬರ್ತಿದೆ.”

ಪಕ್ಕದಲ್ಲಿದ್ದ ಮೌನೇಶ ಬಾಯಿ ತೆರೆದ. “ನಿಮಗಾದ ಅನನುಕೂಲಕ್ಕೆ ವಿಷಾದಿಸುತ್ತೇವೆ ಮೇಡಂ,” ಅಂದುಬಿಟ್ಟ.

ತನ್ನ ಬಾಯಿಂದ ಏನು ಹೊರಬಿತ್ತೆಂದು ಗೊತ್ತಾಗಿ ಅವನ ಮುಖ ಬಿಳುಚಿತು. ಚಾಕುವನ್ನು ಜೇಬಿನಿಂದ ತೆಗೆದು ಅವರ ಕಾಲ ಬಳಿ ಇಟ್ಟ. “ಅಲ್ರೀ ಅಮ್ಮಾರ. ನಾನ ಕೆತ್ತೇನಿ. ಸವದೈತಿ ಅಂತ ಛಲೋ ಮಾಡಾಕ ಹೋದೆ. ಅದು ನಿಮ್ಮವ್ವಾರ ಬೆರಳು ಅಂತ ಗೊತ್ತಿದ್ದಿಲ್ಲ. ತಿರುಗಿ ತರಾಕ ಬರೂದಿಲ್ಲ. ಬೈರಿ, ಕೇಳ್ತೀನಿ.”

ಬೈಗುಳ ಕೇಳುವುದರಲ್ಲಿ ಪಳಗಿದ ಆ ಕಿವಿಗೆ ಅವತ್ತು ಒಂದೂ ಬೀಳಲಿಲ್ಲ. ಗೌರಮ್ಮ ರಾಣಿಯನ್ನು ಮಡಿಲಲ್ಲಿಟ್ಟುಕೊಂಡು, ಕೂಡಿಸಿದ ಕೈಯ ಮೇಲೆ ಬೆರಳಾಡಿಸುತ್ತಾ ಕೂತರು. ಬೈಗುಳ ಬಾರದೆ ಅವನ ಕಣ್ಣಲ್ಲಿ ನೀರು ತುಂಬಿತು. ನಾನು ಫ್ಯಾನಿನ ರೆಕ್ಕೆ ಎಣಿಸುತ್ತಿದ್ದೆ.

ಕೊನೆಗೆ ಅವರು ಎದ್ದು, ರಾಣಿಯನ್ನು ರಾಜನ ಪಕ್ಕದ ಜಾಗದಲ್ಲಿ ನಿಲ್ಲಿಸಿದರು. ಅವಳ ಕಾಲ ಬಳಿ ಚಾಕುವನ್ನು ಇಟ್ಟರು.

“ಇದು ಆಯುಧ ಪೂಜೆ ತನಕ ಇಲ್ಲೇ ಇರತ್ತೆ. ನಾಲ್ಕು ಜನ ಹೆಂಗಸ್ರು ತಿಕ್ಕಿದ್ದನ್ನ ಒಂದ್ ಗಂಟೇಲಿ ತೆಗ್ದಿದೀಯ. ನಾಳೆಯಿಂದ ದಿನಾ ಸಂಜೆ ಬಂದು ತಿಕ್ಕು.”

“ಬರ್ತೀನ್ರೀ.”

“ನೀನೂ ಕಣೋ, ಶಶಿಕಾಂತ. ಪಾಲಿಶ್ ಹಚ್ಚಿದ್ಯಲ್ಲ, ಅದನ್ನ ತೆಗೆಯೋರ್ಯಾರು?”

ಒಂಬತ್ತು ಸಂಜೆ ಹೋದೆವು. ಮೊದಲ ಎರಡು ದಿನ ಮೌನೇಶನ ಭುಜ ಇಳಿಯಲಿಲ್ಲ. ಚಾಕು ಕಣ್ಣೆದುರಿಗೇ ಇದ್ದರೂ ಮುಟ್ಟುವ ಹಾಗಿಲ್ಲ. ಬೆರಳುಗಳು ತೊಡೆಯ ಮೇಲೆ ಗಾಳಿ ಕೆತ್ತುತ್ತಿದ್ದವು. ಮೂರನೇ ದಿನ ಎಣ್ಣೆಯಲ್ಲಿ ಅದ್ದಿದ ಹೆಬ್ಬೆರಳು ಹಣೆಯಿಂದ ಮೂಗಿಗೆ, ಮೂಗಿಂದ ಗಲ್ಲಕ್ಕೆ ಹೋಗಿ ಬರುತ್ತಾ ಇರುವಾಗ ಭುಜ ಮೆಲ್ಲಗೆ ಇಳಿದದ್ದನ್ನು ಕಂಡೆ. ಗೌರಮ್ಮನೂ ಕಂಡರು. ಅವತ್ತು ಅವನಿಗೆ, ಬೊಂಬೆ ನೋಡಲು ಬಂದವರಿಗೆ ಕೊಡುವ ಚರುಪಿನ ಜೊತೆ ಕಾಫಿಯೂ ಬಂತು. ನನಗೆ ಬರೀ ಚರುಪು.

ಆಯುಧ ಪೂಜೆಯ ದಿನ ಅವರು ಚಾಕುವಿಗೆ ಕುಂಕುಮವಿಟ್ಟರು. ನಾಳೆ ಬಂದು ತಗೊಂಡು ಹೋಗು ಎಂದು ಅವನಿಗೆ ಹೇಳಿ, ರಾಣಿಯ ಮುಖದ ಮೇಲೆ ಬೆರಳಾಡಿಸಿದರು. ಬೆರಳು ಮೂಗಿನ ತುದಿಯಲ್ಲಿ ಮತ್ತೆ ನಿಂತಿತು.

“ಹಾಗೇ ಇದೆ. ಮುಂದಿನ ವರ್ಷಾನೂ ಬನ್ನಿ, ಇಬ್ರೂ.”

ನನ್ನ ಹೆಬ್ಬೆರಳು ಇನ್ನೂ ಹಳದಿ. ಅಂಗಡಿಗೆ ಬಂದವರು ಕೇಳಿದರೆ ಹೊಸ ಪೇಂಟಿನ ಸ್ಯಾಂಪಲ್ ಎನ್ನುತ್ತೇನೆ. ಇಬ್ಬರು ಆಗಲೇ ಆ ಬಣ್ಣ ಬೇಕೆಂದು ಹೇಳಿ ಹೋಗಿದ್ದಾರೆ.