ಆಪಾಳ ಇಂಗ್ಲಿಷ್ ಪರೀಕ್ಷೆ

ಕಾದ ತಾಮ್ರದ ಮೇಲೆ ಕಲಾಯಿಯವರ ನವಸಾಗರದ ಪುಡಿ ಬಿದ್ದಾಗ ಏಳುವ ಬಿಳಿ ಹೊಗೆಯ ಘಾಟು ನಿಮಗೆ ಗೊತ್ತಿದ್ದರೆ, ಶಿರಾದ ನಮ್ಮ ಮನೆಯೂ ಗೊತ್ತಿದ್ದಂತೆಯೇ. ಅಬ್ಬಾ ಜಗುಲಿಯ ಮುಂದೆ ತಿದಿ ಒತ್ತುತ್ತಾ ಊರಿನ ಪಾತ್ರೆಗಳಿಗೆಲ್ಲ ಕಲಾಯಿ ಹಾಕುತ್ತಿದ್ದರು. ಆ ಹೊಗೆಗೆ ಕೆಮ್ಮುತ್ತಲೇ ನನ್ನ ಅಕ್ಕ, ಮನೆಯಲ್ಲಿ ನಾವು ಆಪಾ ಅನ್ನುತ್ತಿದ್ದವಳು, ಒಳಗೆ ಕೂತು ಎಸ್ಸೆಸ್ಸೆಲ್ಸಿಗೆ ಓದುತ್ತಿದ್ದಳು. ಅರವತ್ತರ ದಶಕದ ಮೊದಲ ವರ್ಷಗಳು. ನಮ್ಮ ಕೇರಿಯಲ್ಲಿ ಅಷ್ಟು ಓದಿದ ಹುಡುಗಿ ಅವಳೊಬ್ಬಳೇ. ಪಾಸಾದರೆ ತುಮಕೂರಿನಲ್ಲಿ ಟೀಚರ್ ಟ್ರೈನಿಂಗು, ಫೇಲಾದರೆ ವೈ.ಎನ್.ಹೊಸಕೋಟೆಯ ಸಂಬಂಧಕ್ಕೆ ನಿಕಾಹ್ ಎಂದು ಅಬ್ಬಾ ಮೊದಲೇ ಹೇಳಿಬಿಟ್ಟಿದ್ದರು.

ಉಳಿದ ಪಾಠಗಳಲ್ಲಿ ಅವಳು ಚುರುಕು, ಇಂಗ್ಲಿಷೊಂದೇ ಕಾಡುತ್ತಿತ್ತು. ಪಕ್ಕದ ಬೀದಿಯ ಮೇಷ್ಟ್ರು ಹೇಳಿಕೊಡುತ್ತಿದ್ದ ರೀತಿಯೇ ಒಂದು ಥರ. ಇಂಗ್ಲಿಷ್ ಸಾಲು ಬರೆದು, ಪ್ರತಿ ಪದದ ಅಡಿಯಲ್ಲಿ ಅದರ ಕನ್ನಡ ಬರೆಯಬೇಕು. 'ಎ', 'ದಿ' ಬಂದಲ್ಲೆಲ್ಲ ಅಡಿ ಖಾಲಿ. ಅಂಥ ಪದ ನಮ್ಮ ಮನೆಯ ಉರ್ದುವಿನಲ್ಲೂ ಇಲ್ಲ, ಬೀದಿಯ ಕನ್ನಡದಲ್ಲೂ ಇಲ್ಲ. ಆಪಾ ಅಚ್ಚುಕಟ್ಟಿನ ಹುಡುಗಿ. ಜಾಗ ಖಾಲಿ ಬಿಡಲು ಮನಸ್ಸಾಗದೆ ಆ ಪದಗಳನ್ನೇ ಕೈಬಿಟ್ಟಳು.

"ನೀರು ಕೊಡು ಅಂದ್ರೆ ಸಾಕಲ್ವಾ ಸಾರ್? ಯಾವ ನೀರು ಅಂತ ಯಾರ್ ಕೇಳ್ತಾರೆ?" ಎಂದಳು ಒಮ್ಮೆ.

"ನಂಗೂ ಅಂಗೇ ಅನ್ಸುತ್ತೆ ಕಣಮ್ಮ. ಆದ್ರೆ ಪೇಪರ್ ತಿದ್ದೋನು ಕೇಳ್ತಾನಲ್ಲ! ಅನುಮಾನ ಬಂದ್ರೆ ಹಾಕ್ಬುಡು," ಎಂದರು ಮೇಷ್ಟ್ರು.

ಪಾಪ, ಆಪಾಗೆ ಎಲ್ಲ ಕಡೆಯೂ ಅನುಮಾನವೇ. ಅಲ್ಲಿಂದ ಹಾಕತೊಡಗಿದಳು ನೋಡಿ, ಶಿರಾಕ್ಕೂ 'ದಿ', ಅಬ್ಬಾನ ಹೆಸರಿಗೂ 'ದಿ'.

ಇಂಗ್ಲಿಷಿನಲ್ಲಿ ಮಾತ್ರ ಫೇಲಾದಳು. "ಅಬ್ಬಾ, ಔರ್ ಏಕ್ ಬಾರ್," ಎಂದು ಕೇಳಿಕೊಂಡಳು, ಇನ್ನೊಂದೇ ಒಂದು ಸಲ ಎಂದು. ಅಬ್ಬಾ ಕೆಟ್ಟವರಲ್ಲ, ಆದರೆ ಹೊಸಕೋಟೆಯವರಿಗೆ ಮಾತು ಕೊಟ್ಟಿದ್ದರು. ನಿಕಾಹ್ ಆಯಿತು. ಮೊದಲ ಹೆರಿಗೆಯಲ್ಲೇ ಆಪಾ ಹೋಗಿಬಿಟ್ಟಳು. ಪಾವಗಡದ ಆಸ್ಪತ್ರೆಗೆ ಗಾಡಿ ಮುಟ್ಟುವಷ್ಟರಲ್ಲಿ ತಾಯಿಯೂ ಇಲ್ಲ, ಮಗುವೂ ಇಲ್ಲ.

ಕೆಲವು ವರ್ಷಗಳ ಮೇಲೆ ನಾನೂ ಅದೇ ಇಂಗ್ಲಿಷಿನಲ್ಲಿ ಫೇಲಾದೆ. ಅಬ್ಬಾ ಬೈಯಲಿಲ್ಲ. ಕೈಯ ಮಸಿ ತೊಳೆದುಕೊಂಡು ನನ್ನ ಜೊತೆ ಸ್ಕೂಲಿಗೆ ನಡೆದರು, ಮತ್ತೆ ಪರೀಕ್ಷೆ ಕಟ್ಟಿಸಿದರು. ಮತ್ತೆ ಫೇಲಾದೆ. ಮತ್ತೆ ಕಟ್ಟಿಸಿದರು. ಕೊನೆಗೊಂದು ದಿನ ಓಡಿ ಬಂದು, ಪಾಸಾದೆ ಅಂದೆ. ಅಮ್ಮಿ ಸೆರಗಿನಲ್ಲಿ ಮುಖ ಮುಚ್ಚಿಕೊಂಡು ಒಳಗೆ ಹೋದರು. ಅಬ್ಬಾ ನನ್ನ ತಲೆಯ ಮೇಲೆ ಕೈಯಿಟ್ಟರು.

"ಅವ್ಳೂ ಪಾಸಾಗ್ತಿದ್ಲು," ಎಂದರು.