ಅರ್ಧಕ್ಕೆ ನಿಂತ ಹಾರ

ಅಂತಿಮ ಬಿ.ಎಸ್ಸಿ.ಗೆ ತಳಿವಿಜ್ಞಾನ ಯಾರು ಕಲಿಸಬೇಕು, ನಾನೋ ನನ್ನ ಸಹೋದ್ಯೋಗಿಯೋ ಎಂಬುದನ್ನು ಪ್ರಾಂಶುಪಾಲರು ನಮ್ಮಿಬ್ಬರ ಭಾಷಣ ಕೇಳಿ ತೀರ್ಮಾನಿಸುವುದಿತ್ತು. ಅರವತ್ತರ ದಶಕದ ನಡುಭಾಗವಿರಬೇಕು. ವರ್ಷ ಹೇಳಲು ಧೈರ್ಯವಿಲ್ಲ. ನನ್ನದು ದಾವಣಗೆರೆಯಲ್ಲಿ ಆಗಿಹೋಗಿತ್ತು. ಡಿ.ಎನ್.ಎ., ಆರ್.ಎನ್.ಎ. ಎಂದು ಬೋರ್ಡು ತುಂಬಿಸಿದ್ದೆ. ಒಂದು ತಪ್ಪೂ ಇರಲಿಲ್ಲ, ಕೇಳಿದವರಿಗೆ ಏನೂ ತಲೆಗೆ ಹತ್ತಲಿಲ್ಲ. ಅವನ ಭಾಷಣ ಹರಿಹರದ ಒಂದು ಹೈಸ್ಕೂಲಿನಲ್ಲಿ. ಅವನು ಸೋಲುವುದನ್ನು ನೋಡಲೆಂದೇ ಹೆಂಡತಿಯನ್ನೂ ಕರೆದುಕೊಂಡು ಬಸ್ಸು ಹತ್ತಿದೆ.

ಸಭೆಗೆ ಪ್ರಾಂಶುಪಾಲರೇ ಅಧ್ಯಕ್ಷರು. ಅವರಿಗೆ ಹಾಕಲು ಹಾರವನ್ನೇ ತರಿಸಿರಲಿಲ್ಲ.

"ಹಾರ ಇಲ್ಲೇ ಕಟ್ತೀವ್ರಿ, ಜೀವಕೋಶ ಪ್ರೋಟೀನ್ ಕಟ್ಟೋ ಹಂಗೆ" ಎಂದ ಸಹೋದ್ಯೋಗಿ.

ಹಾರದ ಮೂಲ ಬರಹ, ಅಂದರೆ ಒಂದು ಉದ್ದನೆಯ ಅಕ್ಷರಗಳ ಸಾಲು, ವೇದಿಕೆಯ ಪರದೆಯ ಹಿಂದಿನ ಬೋರ್ಡಿನ ಮೇಲಿತ್ತು. ಕೋಶಕೇಂದ್ರ ಬಿಟ್ಟು ಬಾರದ ಡಿ.ಎನ್.ಎ.ಯಂತೆ ಅದು ಆಚೆ ಬರುವಂತಿಲ್ಲ. ಒಬ್ಬ ವಿದ್ಯಾರ್ಥಿ ಅದನ್ನು ಸ್ಲೇಟಿಗೆ ನಕಲು ಮಾಡಿ ತಂದ. ಅದು ಸಂದೇಶ ಒಯ್ಯುವ ಆರ್.ಎನ್.ಎ. ಇನ್ನೊಬ್ಬ ಸ್ಲೇಟು ನೋಡಿ ಮೂರು ಮೂರು ಅಕ್ಷರ ಕೂಗಿದ. ಆ ಮೂರಕ್ಕೆ ಗೊತ್ತುಮಾಡಿದ ಹೂವನ್ನು ಹಿಡಿದವರು ಓಡಿ ಬಂದು ಕೊಟ್ಟರು, ಸಹೋದ್ಯೋಗಿ ದಾರಕ್ಕೆ ಪೋಣಿಸಿದ. ಸೇವಂತಿಗೆ, ಸೇವಂತಿಗೆ, ಚೆಂಡುಹೂ. ನನ್ನ ಭಾಷಣದಲ್ಲಿ ತೂಕಡಿಸಿದ್ದ ಹೆಂಡತಿ ಇಲ್ಲಿ ಕಣ್ಣರಳಿಸಿ ಕೂತಿದ್ದಳು.

ಆಗ ಕೂಗುವವನು ಒಂದು ಅಕ್ಷರ ಬಿಟ್ಟ. ಅಲ್ಲಿಂದಾಚೆ ಮೂರರ ಗುಂಪುಗಳೆಲ್ಲ ಬದಲಾದವು. ಕಣಗಿಲೆ ಬಂತು, ಮಾವಿನೆಲೆ ಬಂತು, ಕೊನೆಗೆ 'ಇಲ್ಲಿಗೆ ಸಾಕು' ಎಂಬ ಅರ್ಥದ ಮೂರಕ್ಷರವೇ ಬಂದು ಹಾರ ಗೇಣುದ್ದಕ್ಕೆ ನಿಂತಿತು. ನನಗೆ ಹಾಲು ಕುಡಿದಷ್ಟು ಸಂತೋಷ.

"ಏನ್ರಿ ಇದು, ಕೊರಳಿಗೋ ಕೈಗೋ?" ಎಂದರು ಪ್ರಾಂಶುಪಾಲರು.

"ಕೈಗೇ ಕಟ್ಕಳ್ರಿ ಸರ್. ಒಂದಕ್ಷರ ಜಾರಿದ್ರೆ ಜೀವಕೋಶದಾಗೂ ಇದೇ ಗತಿ ಐತ್ರಿ. ಮುಂದಿಂದೆಲ್ಲ ಬ್ಯಾರೆ, ಆಮೇಲೆ ಅರ್ಧಕ್ಕೇ ಕೆಲಸ ಬಂದ್!"

ಸಭೆ ಗೊಳ್ಳೆಂದಿತು. ಪ್ರಾಂಶುಪಾಲರು ನಗುತ್ತ ಮುಂಗೈ ಚಾಚಿದರು. ಕ್ಲಾಸು ಅವನ ಪಾಲಾಯಿತೆಂದು ನನಗೆ ಅಲ್ಲೇ ತಿಳಿಯಿತು.

"ಇಷ್ಟೇ ಏನ್ರಿ ಅದು? ನೀವ್ಯಾಕ ಅವತ್ತು ಅಷ್ಟು ಒದ್ದಾಡಿದ್ರಿ?" ಎಂದಳು ಹೆಂಡತಿ, ಬಸ್ಸಿನಲ್ಲಿ.

ಅಕ್ಷರ ಕೂಗಿದ ಆ ಹುಡುಗ ನಿಜವಾಗಿ ತಪ್ಪಿದನೋ, ಸಹೋದ್ಯೋಗಿಯೇ ಹೇಳಿಕೊಟ್ಟಿದ್ದನೋ? ಅಕ್ಷರ ಬಿಡುವ ಮುಂಚೆ ಇಬ್ಬರ ಕಣ್ಣು ಕೂಡಿದ್ದನ್ನು ನೋಡಿದ ನೆನಪು. ಹೊಟ್ಟೆಕಿಚ್ಚು ಅದನ್ನು ಆಮೇಲೆ ಸೇರಿಸಿದ್ದೂ ಇರಬಹುದು. ಹಾರದಲ್ಲಿದ್ದದ್ದೂ ಚೆಂಡುಹೂವಲ್ಲ, ಗುಲಾಬಿ ಎನ್ನುತ್ತಾಳೆ ಹೆಂಡತಿ. ತಪ್ಪಾಗಿದ್ದರೆ ಅದು ಅವನ ಅದೃಷ್ಟ, ಹೇಗೋ ಸಹಿಸಬಹುದು. ಬೇಕೆಂದೇ ಮಾಡಿಸಿದ್ದರೆ ಕ್ಲಾಸು ಸಲ್ಲಬೇಕಾದವನಿಗೇ ಸಂದಿತು ಎಂದು ಒಪ್ಪಬೇಕಾಗುತ್ತದೆ. ಈಗಲೂ ಕೇಳಿದರೆ ನಕ್ಕು ಹೇಳಿಬಿಡುತ್ತಾನೆ. ನಾನೇ ಕೇಳಿಲ್ಲ.