ನಲವತ್ತೊಂದನೇ ಪ್ಲೇಟಿನ ಚುಕ್ಕೆಯಮ್ಮ

ಬೆಳಗಿನ ಆರೂಕಾಲು. ಕೀಟ ಸಂಗ್ರಹಾಲಯದ ಮೊದಲ ಮಹಡಿಯ ಕೊನೆಯ ಕೋಣೆಯಲ್ಲಿ ನುಸಿಗುಳಿಗೆಯ ವಾಸನೆ. ಮೇಜಿನ ಬಲಗಡೆ, ಮೊಣಕೈಗೆ ತಾಗುವಷ್ಟು ಕೆಳಗೆ, ಗಿಡ್ಡ ಕತ್ತಿನ ಒಂದು ದೀಪ. ಅದರ ಪಕ್ಕ ಕುಳಿತ ಐವತ್ತೇಳು ವರ್ಷದ ಹೆಂಗಸೊಬ್ಬರು ಮುರಿದ ಬ್ಲೇಡಿನ ಮೂಲೆಯಿಂದ ದಪ್ಪ ಹಾಳೆಯ ಮೇಲಿನ ಕರಿ ಚುಕ್ಕೆಯೊಂದನ್ನು ಕೆರೆಯುತ್ತಾರೆ. ಊದಿ ಪುಡಿ ಹಾರಿಸುತ್ತಾರೆ. ಎಡಗೈಯಲ್ಲಿ ಸಪೂರ ಮೊನೆಯ ಪೆನ್ನು ಹಿಡಿದು, ಕೆರೆದ ಜಾಗದಿಂದ ಎರಡು ಮಿಲಿಮೀಟರ್ ಆಚೆ ಹೊಸದೊಂದು ಚುಕ್ಕೆ ಇಡುತ್ತಾರೆ. ನಂತರ ಇನ್ನೊಂದು.

"ಎಂಟು ಗಂಟೆ ಮೇಲೆ ಲಾರಿ, ಬಸ್ಸು ಶುರುವಾಗುತ್ವೆ ಸಾರ್. ರಸ್ತೆ ನಡುಗಿದ್ರೆ ಮೇಜು ನಡುಗುತ್ತೆ. ಮೇಜು ನಡುಗಿದ್ರೆ ಚುಕ್ಕೆಗೆ ಬಾಲ ಬರುತ್ತೆ. ಬಾಲ ಇರೋ ಚುಕ್ಕೆ ಯಾವ ಕೆಲಸಕ್ಕೂ ಬರಲ್ಲ."

ಹಾಳೆಯ ಮೇಲಿರುವುದು ಗೋದಾಮಿನ ಧಾನ್ಯ ತಿನ್ನುವ ಒಂದು ದುಂಬಿ. ನಿಜದಲ್ಲಿ ಮೂರು ಮಿಲಿಮೀಟರ್ ಉದ್ದ, ಚಿತ್ರದಲ್ಲಿ ಹದಿನೆಂಟು ಸೆಂಟಿಮೀಟರ್. ಅದರ ಬೆನ್ನ ಮೇಲೆ ಇನ್ನೂರ ಹದಿನಾಲ್ಕು ಗುಳಿಗಳಿವೆ. ಇಪ್ಪತ್ತೆರಡು ವರ್ಷದ ಹಿಂದೆ ಇದೇ ಕೈ ಇದೇ ಹಾಳೆಯ ಮೇಲೆ ಆ ಗುಳಿಗಳಿಗೆ ನೆರಳು ಕೊಟ್ಟಿತ್ತು. ಈಗ ಒಂದೊಂದಾಗಿ ಅದನ್ನು ಕೆರೆದು ತಿದ್ದುತ್ತಿದೆ. ಈಗ ಕೈಯಲ್ಲಿರುವುದು ನೂರ ಅರವತ್ತಮೂರನೆಯ ಗುಳಿ.

ವಿಭಾಗದಲ್ಲಿ ಎಲ್ಲರೂ ಇವರನ್ನು ಚುಕ್ಕೆಯಮ್ಮ ಎನ್ನುತ್ತಾರೆ. ನಾಲ್ಕು ವರ್ಷದ ಹಿಂದಿನವರೆಗೂ ಎದುರಿನ ಮೇಜಿನಲ್ಲಿ ಗೆರೆಯಮ್ಮ ಕೂರುತ್ತಿದ್ದರು. ಸಂಬಂಧದಲ್ಲಿ ಇವರು ಓರಗಿತ್ತಿಯರು. ಅಣ್ಣ ತಮ್ಮಂದಿರನ್ನು ಮದುವೆಯಾಗಿ ಒಂದೇ ಮನೆಗೆ ಬಂದವರು. ಗೆರೆಯಮ್ಮ ಹಿರಿಯರು, ವಿಭಾಗಕ್ಕೂ ಮೊದಲು ಬಂದವರು. ಚುಕ್ಕೆಯಮ್ಮ ಮೂವತ್ತೊಂದು ವರ್ಷದ ಹಿಂದೆ ಗಾಜಿನ ಸೀಸೆ ತೊಳೆಯುವ ಕೆಲಸಕ್ಕೆ ಸೇರಿದರು. ಒಂದು ದಿನ ಹಿರಿಯರ ಹಾಳೆಯ ಮೇಲೆ ಮಸಿ ಸಿಡಿಯಿತು. ಸಿಡಿದ ಹನಿಗಳ ಸುತ್ತ ಇನ್ನಷ್ಟು ಚುಕ್ಕೆ ಇಟ್ಟು, ಅದನ್ನು ಜೀರುಂಡೆಯ ಹೊಟ್ಟೆಯ ನೆರಳಾಗಿಸಿದ್ದು ಸೀಸೆ ತೊಳೆಯುವ ಓರಗಿತ್ತಿ. ಬೈಯಲು ಬಂದ ಅಂದಿನ ಮುಖ್ಯಸ್ಥರು ಹಾಳೆ ನೋಡಿ, "ಇದನ್ನು ಯಾರು ಮಾಡಿದ್ದು?" ಎಂದರಂತೆ. "ಬೈಯ್ತಾರೋ ಹೊಗಳ್ತಾರೋ ಗೊತ್ತಾಗ್ದೆ ಇಬ್ರೂ ಒಬ್ರನ್ನೊಬ್ರು ತೋರಿಸಿದ್ವಿ" ಎಂದು ಚುಕ್ಕೆಯಮ್ಮ ನಗುತ್ತಾರೆ.

ಅಲ್ಲಿಂದ ಕೆಲಸ ಎರಡು ಪಾಲಾಯಿತು. ಸೂಕ್ಷ್ಮದರ್ಶಕದಲ್ಲಿ ನೋಡಿ, ಅಳೆದು, ಕಾಲಿನ ಗೆಣ್ಣು ಎಣಿಸಿ ಹೊರಗೆರೆ ಎಳೆಯುವುದು ಹಿರಿಯರ ಪಾಲು. ಒಳಗೆ ಚುಕ್ಕೆ ಇಟ್ಟು ಉಬ್ಬು ತಗ್ಗು ತರುವುದು ಕಿರಿಯರ ಪಾಲು. ಇವರು ದಿನಕ್ಕೆ ಸುಮಾರು ಆರು ಸಾವಿರ ಚುಕ್ಕೆ ಇಡುತ್ತಾರೆ. ವರ್ಷಕ್ಕೆ ಇನ್ನೂರ ನಲವತ್ತು ದಿನವೆಂದು ಹಿಡಿದರೂ ಈವರೆಗೆ ನಾಲ್ಕೂವರೆ ಕೋಟಿ ಮುಟ್ಟುತ್ತದೆ. ಲೆಕ್ಕ ಹೇಳಿದಾಗ ಅವರು ಪೆನ್ನು ಕೆಳಗಿಟ್ಟು ಕತ್ತು ಒತ್ತಿಕೊಳ್ಳುತ್ತಾರೆ. "ಅಷ್ಟು ಚುಕ್ಕೆ ಇಟ್ಟೂ ಒಂದು ನೆಟ್ಟಗಿನ ಗೆರೆ ಎಳೆಯೋಕೆ ಬರಲ್ಲ ನಂಗೆ. ಮನೇಲಿ ಹಾಲಿನ ಚೀಟಿಗೆ ಗೀಟು ಹಾಕಿದ್ರೂ ಅಕ್ಕ ಆಡ್ಕೋತಾರೆ."

ವಿಜ್ಞಾನದ ವಿದ್ಯಾರ್ಥಿಗಳಾಗಿದ್ದವರಿಗೆ ಪ್ರಾಯೋಗಿಕ ಪುಸ್ತಕದ ನಿಯಮ ನೆನಪಿರಬಹುದು: ಗೆರೆ ಸ್ಪಷ್ಟವಾಗಿರಲಿ, ಶೇಡಿಂಗ್ ಬೇಡ. ಕಪ್ಪೆಯ ಹೊಟ್ಟೆಗೆ ಪೆನ್ಸಿಲ್ ಉಜ್ಜಿದ್ದಕ್ಕೆ ಅಂಕ ಕಳೆದುಕೊಂಡವರಲ್ಲಿ, ಭಾನುವಾರದ ಪತ್ರಿಕೆಗೆ ಇದನ್ನು ಬರೆಯುತ್ತಿರುವ ಈ ಲೇಖಕನೂ ಒಬ್ಬ. ಗೆರೆ ಮಾಹಿತಿ, ನೆರಳು ಅಲಂಕಾರ ಎಂಬ ನಂಬಿಕೆ ಆಗ ಬೇರೂರಿದ್ದು ಈ ಕೋಣೆಗೆ ಬರುವವರೆಗೂ ಅಲುಗಿರಲಿಲ್ಲ. ಅದನ್ನು ಅಲುಗಿಸಿದ್ದು ಇದೇ ದುಂಬಿಯ ಚಿತ್ರ, ವಿಭಾಗ ಇಪ್ಪತ್ತೆರಡು ವರ್ಷದ ಹಿಂದೆ ಹೊರತಂದ ಕೀಟಗಳ ಪುಸ್ತಕದ ನಲವತ್ತೊಂದನೇ ಪ್ಲೇಟು.

ಚುಕ್ಕೆಯಮ್ಮ ಎಡಚರು. ಕೈ ನೆರಳು ಹಾಳೆಯ ಮೇಲೆ ಬೀಳದಂತೆ ದೀಪವನ್ನು ಬಲಗಡೆ ಇಟ್ಟುಕೊಳ್ಳಬೇಕು. ಅದರ ತಂತಿ ಗಿಡ್ಡ, ಆದ್ದರಿಂದ ಮೇಜಿನ ಈಚೆ ಅಂಚಿನಲ್ಲೇ ಅದರ ಜಾಗ. ಹೀಗಾಗಿ ಹುಳದ ಮೇಲೆ ಬೆಳಕು ಬೀಳುವುದು ಕೆಳಗಿನ ಬಲ ಮೂಲೆಯಿಂದ. ಆದರೆ ಕೀಟಗಳ ಚಿತ್ರದಲ್ಲಿ ಬೆಳಕು ಯಾವಾಗಲೂ ಮೇಲಿನ ಎಡ ಮೂಲೆಯಿಂದಲೇ ಬರಬೇಕು, ನೋಡುವವರ ಕಣ್ಣು ಹಾಗೆಂದೇ ಊಹಿಸುತ್ತದೆ. ಅಂದರೆ ಇವರು ಒಂದು ಕಡೆಯ ಬೆಳಕನ್ನು ನೋಡುತ್ತ, ಅದರ ಎದುರು ಕಡೆಯ ಬೆಳಕನ್ನು ಹಾಳೆಗೆ ಇಳಿಸಬೇಕು. ಮರೆಯದಿರಲಿ ಎಂದು ಗೆರೆಯಮ್ಮ ಒಂದು ಉಪಾಯ ಮಾಡಿದ್ದರು. ಗೆರೆ ಮುಗಿಸಿದ ಪ್ರತಿ ಹಾಳೆಯ ಮೇಲಿನ ಎಡ ಮೂಲೆಗೆ ಹಳದಿ ಕಾಗದದ ಒಂದು ಸಣ್ಣ ಸೂರ್ಯನನ್ನು ಅಂಟಿಸಿ ಕೊಡುತ್ತಿದ್ದರು. ಚಿತ್ರ ಮುಗಿದ ಮೇಲೆ ಕಿತ್ತು ಹಾಕುವುದು.

ನಲವತ್ತೊಂದರಲ್ಲಿ ಕಿರಿಯರು ಕಣ್ಣಿಗೆ ಕಂಡದ್ದನ್ನೇ ಇಟ್ಟುಬಿಟ್ಟರು. ಪ್ರತಿ ಗುಳಿಯ ಮೇಲಂಚು ಬೆಳ್ಳಗೆ, ಕೆಳಗಿನ ಬಲ ಅಂಚು ಕಪ್ಪಗೆ. ಮೇಲಿನಿಂದ ಬೆಳಕು ಬಂತೆಂದು ಊಹಿಸುವ ಕಣ್ಣಿಗೆ ಅದು ಗುಳಿಯಲ್ಲ, ಉಬ್ಬು. ಪುಸ್ತಕವನ್ನು ತಲೆಕೆಳಗು ಮಾಡಿ ನೋಡಿದೆ. ಇನ್ನೂರ ಹದಿನಾಲ್ಕು ಉಬ್ಬುಗಳೂ ಒಟ್ಟಿಗೆ ಒಳಗೆ ಇಳಿದು ಗುಳಿಗಳಾದವು. ನೆಟ್ಟಗೆ ಹಿಡಿದರೆ ಮತ್ತೆ ಎದ್ದವು. ಹೊರಗೆರೆ ಎರಡೂ ಸಲ ಕೂದಲೆಳೆಯಷ್ಟೂ ಬದಲಾಗಲಿಲ್ಲ.

ಪುಸ್ತಕ ನೋಡಿ ಧಾನ್ಯದ ಹುಳ ಗುರುತಿಸುವವರು ಈ ಉಬ್ಬುಗಳನ್ನು ನಂಬಿದರು. ಇಪ್ಪತ್ತೆರಡು ವರ್ಷದಲ್ಲಿ ಏಳು ಗೋದಾಮುಗಳಿಂದ ಹುಳಗಳ ಪೊಟ್ಟಣ ಬಂದವು: "ನಿಮ್ಮ ಚಿತ್ರದಂತೆಯೇ ಇದೆ, ಆದರೆ ಬೆನ್ನ ಮೇಲೆ ಗುಳಿಗಳಿವೆ. ಹೊಸ ಜಾತಿಯೇ?" ವಿಭಾಗದವರೂ ಚಿತ್ರವನ್ನೇ ನಂಬಿ, ಇರಬಹುದೆಂದು ಉತ್ತರ ಬರೆದು, 'ಗುಳಿಯವು' ಎಂಬ ಹೊಸ ಚೀಟಿ ಅಂಟಿಸಿ ಬೇರೆ ಡ್ರಾಯರ್ ಮಾಡಿದರು. ಆ ಡ್ರಾಯರ್ ತುಂಬುತ್ತ ಹೋಯಿತು. 'ಉಬ್ಬಿನವು' ಡ್ರಾಯರಿನಲ್ಲಿ ಚಿತ್ರಕ್ಕೆ ಕೂತಿದ್ದ ಒಂದೇ ಒಂದು ಹುಳ ಉಳಿಯಿತು. ಮುಟ್ಟಿದರೆ ಕಾಲು ಉದುರೀತೆಂದು ಅದನ್ನು ಯಾರೂ ಹೊರಗೆ ತೆಗೆಯಲಿಲ್ಲ.

ಈ ವರ್ಷ ಪುಸ್ತಕ ಮರುಮುದ್ರಣಕ್ಕೆ ಹೊರಟಾಗ ಚುಕ್ಕೆಯಮ್ಮ ಆ ಹುಳವನ್ನು ಹೊರಗೆ ತೆಗೆದರು. ಕಡ್ಡಿಯ ತುದಿಗೆ ಅಂಟಿಸಿದ ರೆಪ್ಪೆಗೂದಲೊಂದರಿಂದ ಬೆನ್ನನ್ನು ಮುಟ್ಟಿ ನೋಡಿದರು. "ಕೂದಲು ಮೇಲಕ್ಕೆ ಹತ್ತಬೇಕಿತ್ತು ಸಾರ್. ಒಳಗೆ ಹೋಯ್ತು. ಪಕ್ಕದ್ದು ಮುಟ್ಟಿದೆ, ಅದೂ ಒಳಗೆ ಹೋಯ್ತು. ನನ್ನ ಎದೇನೂ ಅದರ ಜೊತೇಲೇ ಒಳಗೆ ಹೋಯ್ತು."

ಆಮೇಲೆ ಮಾಡಿದ ಕೆಲಸವನ್ನೂ ಮುಚ್ಚಿಡದೆ ಹೇಳುತ್ತಾರೆ. ಮೂಲ ಹಾಳೆ ತೆಗೆದು ಸೂರ್ಯನ ಅಂಟಿನ ಕಲೆ ಎಲ್ಲಿದೆ ಎಂದು ಹುಡುಕಿದರು. "ಕೆಳಗಡೆ ಬಲಕ್ಕೆ ಇರ್ಲಪ್ಪಾ ಅಂತ ಬೇಡ್ಕೊಂಡೆ. ಅಲ್ಲಿದ್ರೆ ತಪ್ಪು ಅಕ್ಕಂದು ಆಗ್ತಿತ್ತು ನೋಡಿ." ಕಲೆ ಈಗಲೂ ಇದೆ. ಬಟಾಣಿ ಗಾತ್ರದ ಮಾಸಲು ವೃತ್ತ, ಮೇಲಿನ ಎಡ ಮೂಲೆಯಲ್ಲಿ, ಇರಬೇಕಾದ ಜಾಗದಲ್ಲೇ.

ಹಾಗಾದರೆ ಗೆರೆ ನಂಬಿಗಸ್ತ, ನೆರಳು ಸುಳ್ಳುಗಾರ ಎಂದು ಬರೆದು ಮುಗಿಸಬಹುದಿತ್ತು. ಅಷ್ಟರಲ್ಲಿ ಅವರೇ ಅರವತ್ತೇಳನೇ ಪ್ಲೇಟನ್ನು ಮುಂದಿಡುತ್ತಾರೆ. ಆ ಹುಳದ ಹಿಂಗಾಲಿನ ಪಾದಕ್ಕೆ ಐದು ಗೆಣ್ಣಿರಬೇಕು, ಗೆರೆಯಮ್ಮ ನಾಲ್ಕೇ ಎಳೆದಿದ್ದಾರೆ. ಇಪ್ಪತ್ತೆರಡು ವರ್ಷ ಒಬ್ಬರ ಕಣ್ಣಿಗೂ ಅದು ಬೀಳಲಿಲ್ಲ. ರೆಕ್ಕೆಯ ಮೇಲಿನ ಚುಕ್ಕೆಗಳು ಅಷ್ಟು ಚೆನ್ನಾಗಿದ್ದವು, ಕಾಲು ಎಣಿಸಲು ಯಾರಿಗೂ ತೋಚಲಿಲ್ಲ. ಇಲ್ಲಿ ಗೆರೆ ತಪ್ಪಿತು, ಯಾರೂ ಮೋಸ ಹೋಗಲಿಲ್ಲ. ಅಲ್ಲಿ ಗೆರೆ ಸರಿಯಿತ್ತು, ಎಲ್ಲರೂ ಮೋಸ ಹೋದರು. ಎರಡನ್ನೂ ಪಕ್ಕಪಕ್ಕ ಇಟ್ಟು ಎಷ್ಟು ಹೊತ್ತು ನೋಡಿದರೂ ಯಾವುದು ಮುಖ್ಯವೆಂದು ತೀರ್ಮಾನವಾಗುವುದಿಲ್ಲ.

ಚುಕ್ಕೆಯಮ್ಮನಿಗೆ ಆ ತೀರ್ಮಾನ ತುರ್ತಾಗಿ ಬೇಕು. ಹಳೆಯ ಮುದ್ರಣದಲ್ಲಿ 'ಚಿತ್ರಗಳು: ವಿಭಾಗದ ಸಿಬ್ಬಂದಿ' ಎಂದಷ್ಟೇ ಇತ್ತು. ಈಗಿನ ಮುಖ್ಯಸ್ಥರು ಹೆಸರು ಹಾಕಲೇಬೇಕೆಂದು ಪಟ್ಟು ಹಿಡಿದು ಒಂದು ನಮೂನೆ ಕೊಟ್ಟಿದ್ದಾರೆ. ನೂರ ಹನ್ನೆರಡು ಪ್ಲೇಟು, ನೂರ ಹನ್ನೆರಡು ಸಾಲು, ಸೋಮವಾರ ಕೊನೆಯ ದಿನ. ಒಂದು ತೊಡಕಿದೆ: ಪ್ರಕಾಶಕರ ಕಂಪ್ಯೂಟರ್ ಪಟ್ಟಿ ಪ್ಲೇಟಿಗೊಂದು ಹೆಸರನ್ನು ಮಾತ್ರ ಒಪ್ಪುತ್ತದೆ. "ಎರಡು ಹಾಕಿಸೋಕೆ ಮೂರು ಸಲ ಬರೆದೆ ಅಮ್ಮಾ, ಆಗಲ್ಲ ಅಂತಾರೆ. ಬಿಡಿಸಿದವರು ಯಾರೋ ಅವರ ಹೆಸರು ಬರೀರಿ" ಎಂದರಂತೆ ಮುಖ್ಯಸ್ಥರು. ಬಿಡಿಸಿದವರು ಯಾರು? ಹೆಸರಿನ ಕಾಲಂ ರಬ್ಬರ್ ಉಜ್ಜಿ ಉಜ್ಜಿ ತೆಳುವಾಗಿದೆ.

ಮನೆಗೆ ಇಪ್ಪತ್ತು ನಿಮಿಷದ ನಡಿಗೆ. ಕೆಳಗೆ ಹಿರಿಯರ ಸಂಸಾರ, ಮೇಲೆ ಕಿರಿಯರದು, ಅಡುಗೆ ಒಂದೇ. ಗೆರೆಯಮ್ಮ ಕಿಟಕಿ ಪಕ್ಕದ ಕುರ್ಚಿಯಲ್ಲಿ ಬೀನ್ಸ್ ನಾರು ತೆಗೆಯುತ್ತ ಕುಳಿತಿದ್ದಾರೆ. ಅವರ ಎರಡೂ ಕಣ್ಣಿನ ನಡುಭಾಗ ಮಸುಕಾಗಿದೆ. ನೇರ ನೋಡಿದ್ದು ಕಾಣುವುದಿಲ್ಲ, ಪಕ್ಕದ್ದು ಅಷ್ಟಿಷ್ಟು ಕಾಣುತ್ತದೆ.

"ಇನ್ನೂ ಬರ್ದಿಲ್ವೇನೇ? ನೂರ ಹನ್ನೆರಡು ಸಾಲಿಗೆ ಎಷ್ಟು ದಿನ?"

"ನಿಮ್ಮ ಹೆಸರೇ ಬರೀತೀನಿ ಅಂದ್ರೆ ಬೇಡ ಅಂತೀರಿ."

"ಮತ್ತೆ? ಅರವತ್ತೇಳಕ್ಕೆ ನಂದು ಹಾಕು, ಕಾಲು ಮುರಿದವಳು ನಾನು. ಮಿಕ್ಕಿದ್ದೆಲ್ಲ ನಿಂದೇ."

"ಚೆನ್ನಾಗಿದೆ! ಜಗಳ ಆಡುವಾಗ ಏನಂತಿದ್ರಿ? ನನ್ನ ಗೆರೆ ಇಲ್ದಿದ್ರೆ ನಿನ್ನ ಚುಕ್ಕೆ ನೆಲದ ಮೇಲೆ ಚೆಲ್ಲಿದ ಸಾಸಿವೆ ಅಂತ."

"ನೀನೇನು ಕಮ್ಮಿ ಅಂದಿದ್ಯಾ? ನನ್ನ ಹುಳ ಬಟ್ಟೆ ಒಣಹಾಕೋ ತಂತಿ ಅಂದವಳು ಯಾರು?"

ಕಿರಿಯರು ಹಳೆಯ ಪುಸ್ತಕವನ್ನು ಅವರ ಮಡಿಲಿಗಿಡುತ್ತಾರೆ. ಹಿರಿಯರು ಕೈ ಒರೆಸಿಕೊಂಡು, ಮುಖ ಪಕ್ಕಕ್ಕೆ ತಿರುಗಿಸಿ, ಕಡೆಗಣ್ಣಿನಲ್ಲಿ ಪುಟ ನೋಡುತ್ತಾರೆ. ಬೆರಳು ಹಾಳೆಯ ಮೇಲೆ ಹೊರಗೆರೆ ಇದ್ದಲ್ಲೇ ಓಡುತ್ತದೆ. ಕಣ್ಣು ಹೇಳಿಕೊಟ್ಟ ಓಟವಲ್ಲ ಅದು, ಬೆರಳಿಗೇ ನೆನಪಿರಬೇಕು. ಬೆರಳು ನಿಲ್ಲಿಸಿ ಹೇಳುತ್ತಾರೆ:

"ಗೆರೆ ಕಾಣ್ಸಲ್ಲ ಕಣೇ. ಒಂದೂ ಕಾಣ್ಸಲ್ಲ. ಹುಳ ಕಾಣ್ಸುತ್ತೆ."

ಚುಕ್ಕೆಯಮ್ಮ ಬೀನ್ಸಿನ ಬುಟ್ಟಿ ಎತ್ತಿಕೊಂಡು ಒಳಗೆ ಹೋಗುತ್ತಾರೆ. ತಿರುಗಿ ಬಂದಾಗ ಮಾತು ಬೇರೆಯಾಗಿದೆ. ಮೇಲಿನ ನಲ್ಲಿ ಸೋರುತ್ತಿದೆ, ಕೊಳಾಯಿಯವನು ಬಂದಿಲ್ಲ. ನನ್ನನ್ನು ಬೀದಿಯವರೆಗೂ ಕಳಿಸಲು ಬಂದ ಚುಕ್ಕೆಯಮ್ಮ ಗೇಟಿನ ಹತ್ತಿರ ನಿಲ್ಲುತ್ತಾರೆ. "ಅಕ್ಕನ ಗೆರೆ ಇತ್ತು ಅಂತ ನಂಗೆ ಎಲ್ಲಿ ನಿಲ್ಲಿಸಬೇಕು ಅಂತ ಗೊತ್ತಾಗ್ತಿತ್ತು. ಇಲ್ದಿದ್ರೆ ಚುಕ್ಕೆ ಇಡ್ತಾನೇ ಹೋಗ್ತಿದ್ದೆ, ಮೇಜಿನ ಮೇಲೂ. ಅದನ್ನ ಹೇಳಿದ್ರೆ ಅವ್ರು ಕೇಳಲ್ಲ. ಅವ್ರು ಹೇಳಿದ್ದು ನಂಗೆ ಅರ್ಥ ಆಗಲ್ಲ. ಏನು ಬರೀಲಿ ಸಾರ್?"

ಸೋಮವಾರ ಬೆಳಿಗ್ಗೆ ಎಂಟಕ್ಕೆ ಐದು ನಿಮಿಷ. ಇನ್ನೂರ ಹದಿನಾಲ್ಕನೆಯ ಗುಳಿ ಮುಗಿದಿದೆ. ಹಾಳೆಯನ್ನು ನೆಟ್ಟಗೆ ಹಿಡಿದರೂ ದುಂಬಿಯ ಬೆನ್ನು ಈಗ ಒಳಗೆ ಇಳಿಯುತ್ತದೆ. ಅರವತ್ತೇಳರಲ್ಲಿ ಬಿಟ್ಟುಹೋದ ಗೆಣ್ಣೂ ಸೇರಿದೆ. ಗೆರೆ ಬರದ ಇವರು ಅದನ್ನು ಒತ್ತೊತ್ತಾಗಿ ಚುಕ್ಕೆ ಇಟ್ಟೇ ಗೆರೆಯಂತೆ ಕಾಣಿಸಿದ್ದಾರೆ. ಭೂತಗನ್ನಡಿ ಹಿಡಿಯದಿದ್ದರೆ ಗೊತ್ತಾಗದು. ನಮೂನೆ ಮೇಜಿನ ಮೇಲಿದೆ, ಈ ಸಲ ಪೆನ್ನಿನಲ್ಲಿ ತುಂಬಿದ್ದು. ನೂರ ಹನ್ನೊಂದು ಸಾಲುಗಳಲ್ಲಿ ಅಕ್ಕನ ಹೆಸರು. ನಲವತ್ತೊಂದರಲ್ಲಿ ಮಾತ್ರ ತಮ್ಮದು. ಅದರ ಕೆಳಗೆ ಮುಖ್ಯಸ್ಥರಿಂದ ಒಪ್ಪಿಗೆ ಪಡೆದ ಒಂದು ವಾಕ್ಯ: 'ಹಿಂದಿನ ಮುದ್ರಣದಲ್ಲಿ ಬೆನ್ನಿನ ಗುಳಿಗಳು ಉಬ್ಬಾಗಿ ಕಂಡದ್ದು ನೆರಳಿನ ತಪ್ಪಿನಿಂದ.'

"ಗೆರೆಯಲ್ಲಿ ತಪ್ಪಿರ್ಲಿಲ್ಲ ಅಂತ ಅದರಲ್ಲೇ ಬಂತಲ್ಲ" ಎನ್ನುತ್ತಾರೆ.

ಅಕ್ಕ ಒಪ್ಪಿದರೇ?

"ಅವ್ರಿಗೆಲ್ಲಿ ಹೇಳಿದೀನಿ! ಪುಸ್ತಕ ಬಂದ್ಮೇಲೆ ಹೆಸರು ಓದೋಕಂತೂ ಆಗಲ್ಲ. ನೀವು ಬರೆದಿದ್ದು ಭಾನುವಾರದ ಪೇಪರಲ್ಲಿ ಬಂದ್ರೆ, ಓದಿ ಹೇಳೋಳು ನಾನೇ. ಈ ಜಾಗ ಬಂದಾಗ ಎರಡು ಸಾಲು ಹಾರಿಸ್ತೀನಿ."

ಹೊರಗೆ ಮೊದಲ ಬಸ್ಸು ಹೋಗುತ್ತದೆ. ಮೇಜು ಸಣ್ಣಗೆ ನಡುಗುತ್ತದೆ. ಚುಕ್ಕೆಯಮ್ಮ ಪೆನ್ನಿನ ಮುಚ್ಚಳ ಹಾಕಿ, ಡ್ರಾಯರಿನಿಂದ ಕಿತ್ತ 'ಉಬ್ಬಿನವು' ಚೀಟಿಯನ್ನು ಬೆರಳುಗಳ ನಡುವೆ ತಿರುಗಿಸುತ್ತಾರೆ. ಬುಟ್ಟಿಗೆ ಹಾಕಲು ಹೋಗಿ, ಹಾಕದೆ ಪರ್ಸಿನಲ್ಲಿಟ್ಟುಕೊಳ್ಳುತ್ತಾರೆ.

"ತಪ್ಪು ತಪ್ಪೇ ಸಾರ್, ಇಲ್ಲ ಅನ್ನಲ್ಲ. ಆದ್ರೆ ಇಪ್ಪತ್ತೆರಡು ವರ್ಷ... ಹುಳ ಕೈಯಲ್ಲಿ ಹಿಡ್ಕೊಂಡಿದ್ದೋರೂ ಹುಳಾನ ಬಿಟ್ಟು ನನ್ನ ಚುಕ್ಕೇನ ನಂಬಿದ್ರಲ್ಲ."